ಲಕ್ಕಮ್ಮನ ಅಕ್ಕಿಯೂ ನಾಲ್ಕು ಟಿಬಿ ಡಿಸ್ಕೂ

ಸುಗ್ಗಿಯ ದಿನಗಳಲ್ಲಿ ಸಿರುಗುಪ್ಪದ ರೈಸ್ ಮಿಲ್ಲುಗಳ ಅಂಗಳದಲ್ಲಿ ಒಂದು ದೃಶ್ಯ ತಪ್ಪುವುದಿಲ್ಲ. ಲಾರಿಯಿಂದ ಇಳಿಸುವಾಗ ಕೊಕ್ಕೆ ತಾಗಿ ಚೀಲ ಹರಿಯುತ್ತದೆ, ಭತ್ತ ಸೋರುತ್ತದೆ. ಸಂಜೆಗೆ ಹೆಂಗಸರು ಪೊರಕೆ, ಮೊರ ಹಿಡಿದು ಬಂದು ಗುಡಿಸಿ, ಕೇರಿ, ಕಾಳು ಮಣ್ಣು ಬೇರೆ ಮಾಡುತ್ತಾರೆ. ಅದೇ ಅಂಗಳದ ಮೂಲೆಯ ಕಚೇರಿಯಲ್ಲಿ, ಮೇಜಿನ ಕೆಳಗೆ, ಇನ್ನೊಂದು ಬಗೆಯ ಕಣಜ ಗುಂಯ್‌ಗುಡುತ್ತಿರುತ್ತದೆ. ಫ್ಯಾನಿನ ಜಾಲರಿಯ ಮೇಲೆ ತೌಡಿನ ಧೂಳು ಕಂಬಳಿಯಂತೆ ಕೂತ ಕಂಪ್ಯೂಟರ್ ಅದು; ಹೆಸರಿಗೆ ಸರ್ವರ್. ರೈತರ ಬಾಕಿ, ತೂಕದ ಚೀಟಿ, ಹಮಾಲರ ಕೂಲಿ, ಜಿಎಸ್‌ಟಿ ಎಲ್ಲ ಅದರೊಳಗೆ.

ಅದು ಕೆಟ್ಟರೆ? ಈ ಪ್ರಶ್ನೆಗೆ ಬಳ್ಳಾರಿಯ ಕಂಪ್ಯೂಟರ್ ಅಂಗಡಿಯಲ್ಲಿ ಸಿಗುವ ಉತ್ತರ ಮರುಪ್ರಶ್ನೆಯ ರೂಪದಲ್ಲಿರುತ್ತದೆ: "ಎರಡು ಟಿಬಿ ಸಾಕೇನ್ ಸಾರ್, ನಾಲ್ಕು ಹಾಕ್ಲಾ?" ಕೇಳಿದವರ ಬಾಯಿಂದ ಬರುವುದೂ ಸಾಮಾನ್ಯವಾಗಿ ಒಂದೇ ಮಾತು: "ನಾಲ್ಕೇ ಹಾಕಪ್ಪ, ಇರೋದೆಲ್ಲ ತುಂಬ್ಸಿಬಿಡು." ಕೇಳಲು ವಿವೇಕದ ಮಾತು. ಆದರೆ ಇದೇ ಸೀಮೆಯ ಹಳೆಯ ಕಥೆಯೊಂದು ಅದಕ್ಕೆ ಅಡ್ಡ ನಿಲ್ಲುತ್ತದೆ.

ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ಇಂದಿನ ರಾಯಚೂರು ಜಿಲ್ಲೆಯ ಲಿಂಗಸುಗೂರು ಬಳಿಯ ಅಮರೇಶ್ವರದವರು. 12ನೇ ಶತಮಾನದಲ್ಲಿ ಕಲ್ಯಾಣಕ್ಕೆ ಹೋದರು. ಬಸವಣ್ಣನ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುವುದು ಮಾರಯ್ಯನ ಕಾಯಕ. ಒಂದು ದಿನ ಆತ ಎಂದಿಗಿಂತ ಹೆಚ್ಚು ಅಕ್ಕಿ ತಂದ. ಲಕ್ಕಮ್ಮ ಅದನ್ನು ಒಲೆಯ ಮೇಲೇರಿಸಲಿಲ್ಲ. ಬೇಕಾದುದಕ್ಕಿಂತ ಹೆಚ್ಚಿನದು ಆಸೆಯ ಅಕ್ಕಿ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದಳು. ಮಾರಯ್ಯ ಸುರಿದು ಬಂದ.

ನಾಳೆಗೆಂದು ಹಿಡಿ ಅಕ್ಕಿ ಇಡುವುದೂ ಸಲ್ಲದು ಎಂದ ಹೆಣ್ಣುಮಗಳನ್ನು ಪೂಜಿಸುವ ನಾಡಿನಲ್ಲಿ, ಇದ್ದುದನ್ನೆಲ್ಲ ಮೂರು ಮೂರು ಪ್ರತಿ ಮಾಡಿ ಇಟ್ಟುಕೊಳ್ಳುವುದನ್ನು ಏನೆನ್ನಬೇಕು? ಲೋಭವೇ, ಕರ್ತವ್ಯವೇ? ಚಿಕ್ಕ ಸಂಸ್ಥೆಯ ಮಟ್ಟಿಗೆ ಈ ಪ್ರಶ್ನೆ ಹರಟೆಕಟ್ಟೆಯದಲ್ಲ. ಉತ್ತರದ ಮೇಲೆ ಬಿಲ್ಲು ನಿಂತಿದೆ.

ಬಿಲ್ಲಿನ ಗಣಿತ ಸುಲಭ. 2 ಎಂಬಿಪಿಎಸ್ ವೇಗದಲ್ಲಿ ದಾಖಲಿಸುವ ಒಂದು ಸಿಸಿಟಿವಿ ಕ್ಯಾಮೆರಾ ದಿನಕ್ಕೆ ಸುಮಾರು 21 ಜಿಬಿ ತುಂಬಿಸುತ್ತದೆ. ನಾಲ್ಕು ಕ್ಯಾಮೆರಾ, ಒಂದು ತಿಂಗಳು ಎಂದರೆ ಎರಡೂವರೆ ಟಿಬಿ ದಾಟಿತು. ಗೇಟಿನ ಮುಂದೆ ನಾಯಿ ಮಲಗಿದ್ದು, ಎದ್ದದ್ದು, ಮತ್ತೆ ಮಲಗಿದ್ದು. ಅದೇ ಮಿಲ್ಲಿನ ಹತ್ತು ವರ್ಷದ ಟ್ಯಾಲಿ ಲೆಕ್ಕವನ್ನು ಕೂಡಿಸಿದರೆ ಕೆಲವೇ ಜಿಬಿ, ಪೆನ್‌ಡ್ರೈವಿನಲ್ಲಿ ಹಿಡಿಯುತ್ತದೆ. ವಾರ್ಷಿಕೋತ್ಸವದ ವಿಡಿಯೊ, ವಾಟ್ಸ್ಆ್ಯಪಿನಲ್ಲಿ ಬಂದ ಶುಭೋದಯದ ಚಿತ್ರ, ಒಂದೇ ಫೋಟೊದ ಏಳು ಪ್ರತಿ ಇವೆಲ್ಲ ಸೇರಿ ಸಂಸ್ಥೆಗೆ ದೊಡ್ಡ ಡಿಸ್ಕು ಬೇಕೆಂಬ ಭ್ರಮೆ ಹುಟ್ಟಿಸುತ್ತವೆ.

ಭ್ರಮೆ ದೊಡ್ಡವರನ್ನೂ ಬಿಟ್ಟಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದ ಸರ್ಕಾರಿ ಡೇಟಾ ಕೇಂದ್ರದಲ್ಲಿ ಲಿಥಿಯಂ ಬ್ಯಾಟರಿಗಳಿಗೆ ಬೆಂಕಿ ಹತ್ತಿತು. ಸರ್ಕಾರಿ ನೌಕರರು ತಮ್ಮ ಕಡತಗಳನ್ನು ಇಡುತ್ತಿದ್ದ ಜಿ-ಡ್ರೈವ್ ಎಂಬ ವ್ಯವಸ್ಥೆ ಸುಟ್ಟುಹೋಯಿತು. ಅದರಲ್ಲಿದ್ದದ್ದು 858 ಟಿಬಿ. ಹೊರಗೆಲ್ಲೂ ಪ್ರತಿ ಇರಲಿಲ್ಲ. ಕೊಟ್ಟ ಕಾರಣ ಏನು ಗೊತ್ತೇ? ಪ್ರತಿ ತೆಗೆಯಲಾರದಷ್ಟು ದೊಡ್ಡದಾಗಿತ್ತು ಎಂದು. ಲಕ್ಕಮ್ಮ ಇದನ್ನು ಕೇಳಿದ್ದರೆ ಅಕ್ಕಿಯ ಗಂಟಿನತ್ತ ಸುಮ್ಮನೆ ಕೈ ತೋರಿಸುತ್ತಿದ್ದಳು.

ಹಾಗಾದರೆ ಏನನ್ನೂ ಇಡಬಾರದೇ? ಮಿಲ್ಲಿನ ಕಂಪ್ಯೂಟರಿನಲ್ಲಿರುವ ರೈತನ ಬಾಕಿ ಮಿಲ್ಲಿನವರ ಸ್ವತ್ತಲ್ಲ. ಕುರುಗೋಡಿನ ಯಾವುದೋ ಸಹಕಾರ ಸಂಘದ ಠೇವಣಿ ಪಟ್ಟಿ ಕಾರ್ಯದರ್ಶಿಯ ಸ್ವತ್ತಲ್ಲ. ಬಳ್ಳಾರಿಯ ಜೀನ್ಸ್ ಹೊಲಿಗೆ ಘಟಕದಲ್ಲಿ ಪೀಸಿನ ಲೆಕ್ಕಕ್ಕೆ ದುಡಿಯುವವರ ಹಾಜರಿ ಪುಸ್ತಕ ಮಾಲೀಕನದಷ್ಟೇ ಅಲ್ಲ. ಇವೆಲ್ಲ ಬೇರೆಯವರು ನಂಬಿ ಇಟ್ಟುಹೋದ ಇಡುಗಂಟು. ಶಾಸ್ತ್ರದ ಭಾಷೆಯಲ್ಲಿ ನ್ಯಾಸ. ಟ್ರಸ್ಟಿಗೆ ಕನ್ನಡದಲ್ಲಿ ಅದೇ ಹೆಸರಿದೆ. ತನ್ನ ಅಕ್ಕಿಯನ್ನು ಸುರಿದು ಬಂದವನು ಶರಣ. ಊರವರ ಅಕ್ಕಿಯನ್ನು ಇಲಿಗೆ ಬಿಟ್ಟು ಬಂದವನಿಗೆ ಬೇರೆ ಹೆಸರಿದೆ.

ಈ ಬಿಕ್ಕಟ್ಟನ್ನು ಕನ್ನಡ ನಾಡಿನ ಜೈನರು ಇನ್ನೂ ಹಿಂದೆಯೇ ಎದುರಿಸಿದ್ದರು. ಅವರ ಐದು ವ್ರತಗಳಲ್ಲಿ ಅಪರಿಗ್ರಹ, ಅಂದರೆ ಕೂಡಿಡದಿರುವುದು, ಒಂದು. ಆದರೆ ನಾಲ್ಕು ದಾನಗಳಲ್ಲಿ ಆಹಾರ, ಅಭಯ, ಔಷಧಗಳ ಜೊತೆಗೆ ಶಾಸ್ತ್ರದಾನವೂ ಇದೆ. ಗ್ರಂಥವನ್ನು ಪ್ರತಿ ಮಾಡಿಸಿ ಹಂಚುವುದು ಪುಣ್ಯ. 10ನೇ ಶತಮಾನದ ಕೊನೆಯಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ದ ಒಂದು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಓಲೆಗರಿ, ಕಂಠ, ಲಿಪಿಕಾರರ ಕೂಲಿ. ಒಂದೊಂದು ಪ್ರತಿಯೂ ಕೈಯಿಂದಲೇ ಬರೆದದ್ದು. ಅದೇ ಪೊನ್ನ 'ಭುವನೈಕರಾಮಾಭ್ಯುದಯ' ಎಂಬ ಇನ್ನೊಂದು ಕಾವ್ಯ ಬರೆದಿದ್ದ. ಅದು ಇಂದು ಇಲ್ಲ. ಸಾವಿರ ಪ್ರತಿಯೇ ಒಂದನ್ನು ಉಳಿಸಿತು ಎಂದು ಪ್ರಮಾಣ ಮಾಡಿ ಹೇಳಲಾಗದು, ಆದರೆ ಉಳಿದದ್ದು ಹಂಚಿದ್ದೇ. ಸಾವಿರ ಪ್ರತಿಯನ್ನೂ ಆಕೆ ತನ್ನ ಮನೆಯ ಒಂದೇ ಕೋಣೆಯಲ್ಲಿ ಪೇರಿಸಿದ್ದರೆ ಅದು ಪರಿಗ್ರಹವಾಗುತ್ತಿತ್ತು, ಒಂದು ಬೆಂಕಿಗೂ ಸಾಕಾಗುತ್ತಿತ್ತು. ಹಲವು ಕೈಗಳಿಗೆ ಹೋದದ್ದರಿಂದ ದಾನವಾಯಿತು.

ಇಂದಿನ ಕಂಪ್ಯೂಟರ್ ಲೋಕ ಇದನ್ನು 3-2-1 ಎಂದು ಅಂಕಿಯಲ್ಲಿ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಊರಾಚೆ. ಇದನ್ನು ಜನಪ್ರಿಯಗೊಳಿಸಿದವರು ಪೀಟರ್ ಕ್ರೋ ಎಂಬ ಅಮೆರಿಕದ ಛಾಯಾಗ್ರಾಹಕ. ಎಲ್ಲರೂ ಎಡವುವುದು ಕೊನೆಯ ಒಂದರಲ್ಲಿ. ಸರ್ವರಿನ ಪಕ್ಕದಲ್ಲೇ, ಅದೇ ಯುಪಿಎಸ್‌ಗೆ, ಅದೇ ಪ್ಲಗ್ಗಿಗೆ ಚುಚ್ಚಿದ ಡಿಸ್ಕನ್ನು ಬ್ಯಾಕಪ್ ಎನ್ನುತ್ತಾರೆ. ಸಿಡಿಲಿಗೆ ಎರಡೂ ಒಟ್ಟಿಗೆ ಹೋಗುತ್ತವೆ. ರೇಡ್ ಇದೆಯಲ್ಲ ಎಂದು ಧೈರ್ಯ ಹೇಳುವವರೂ ಇದ್ದಾರೆ. ಒಂದು ಡಿಸ್ಕು ಸತ್ತರೆ ಇನ್ನೊಂದು ಕೆಲಸ ಮುಂದುವರಿಸಲು ರೇಡ್ ಬೇಕು, ನಿಜ. ಆದರೆ ಇಲ್ಲಿ ಅಳಿಸಿದ್ದನ್ನು ಅದು ಅಲ್ಲಿಯೂ ಆ ಕ್ಷಣವೇ ಅಳಿಸುತ್ತದೆ. ತಪ್ಪನ್ನೂ ನಿಷ್ಠೆಯಿಂದ ನಕಲು ಮಾಡುವ ಶಿಷ್ಯ ಅದು.

ಕಡಿಮೆ ಖರ್ಚಿನ ದಾರಿ ಹೀಗಿರಬಹುದು. ಮೊದಲು ಲಕ್ಕಮ್ಮನ ಮೊರ: ಕೇರಬೇಕು. ಲೆಕ್ಕಪತ್ರ, ಸದಸ್ಯರ ದಾಖಲೆ, ಪತ್ರವ್ಯವಹಾರ ಎಲ್ಲ ಸೇರಿ ನೂರು ಜಿಬಿ ದಾಟುವ ಚಿಕ್ಕ ಸಂಸ್ಥೆ ಅಪರೂಪ. ಅದಕ್ಕೆ ಒಂದು ಟಿಬಿಯ ಎರಡು ಬಾಹ್ಯ ಹಾರ್ಡ್‌ಡಿಸ್ಕು ಸಾಕು, ಇನ್ನೂ ಚಿಕ್ಕವೂ ಆದೀತು. ಒಂದು ಕಚೇರಿಯಲ್ಲಿ, ಇನ್ನೊಂದು ಬೇರೆ ಊರಲ್ಲಿ. ವಾರಕ್ಕೊಮ್ಮೆ ಅದಲು ಬದಲು. ಸಿರುಗುಪ್ಪದಿಂದ ಬಳ್ಳಾರಿಗೆ ದಿನವೂ ಓಡಾಡುವವರು ಎಲ್ಲ ಕಚೇರಿಯಲ್ಲೂ ಒಬ್ಬರಿರುತ್ತಾರೆ. ಟವೆಲಿನಲ್ಲಿ ಸುತ್ತಿ ಬುತ್ತಿಚೀಲಕ್ಕಿಟ್ಟ ಡಿಸ್ಕು ಬಸ್ಸಿನಲ್ಲಿ ಒಂದೂವರೆ ಗಂಟೆಯಲ್ಲಿ ಊರಾಚೆ ತಲುಪುತ್ತದೆ. ಅದೇ ಒಂದು ಟಿಬಿಯನ್ನು 20 ಎಂಬಿಪಿಎಸ್ ಇಂಟರ್‌ನೆಟ್ ಮೂಲಕ ಮೇಲಕ್ಕೆ ಕಳಿಸಲು ನಾಲ್ಕೂವರೆ ದಿನ ಬೇಕು, ನಡುವೆ ಕರೆಂಟ್ ಹೋಗದಿದ್ದರೆ.

ಮೂರನೆಯ ಪ್ರತಿ ಕ್ಲೌಡಿನಲ್ಲಿ. ಬ್ಯಾಕ್‌ಬ್ಲೇಜ್ ಎಂಬ ಕಂಪನಿ 2023ರ ಅಕ್ಟೋಬರಿನಲ್ಲಿ ತಿಂಗಳಿಗೆ ಒಂದು ಟಿಬಿಗೆ 6 ಡಾಲರ್ ದರ ನಿಗದಿ ಮಾಡಿತು. ಆ ಲೆಕ್ಕದಲ್ಲಿ ನೂರು ಜಿಬಿಗೆ ಬಳ್ಳಾರಿಯ ಒಂದು ಪ್ಲೇಟ್ ಒಗ್ಗರಣಿ-ಮಿರ್ಚಿಯ ಖರ್ಚು. ದಾಖಲೆ ಭಾರತದಲ್ಲೇ ಇರಬೇಕೆನ್ನುವವರಿಗೆ ಅಮೆಜಾನಿನ ಮುಂಬೈ, ಹೈದರಾಬಾದ್ ಕೇಂದ್ರಗಳಿವೆ. ಅದರ ಡೀಪ್ ಆರ್ಕೈವ್ ಇನ್ನೂ ಅಗ್ಗ, ಆದರೆ ಇಟ್ಟದ್ದನ್ನು ಮರಳಿ ಕೇಳಿದರೆ 12 ಗಂಟೆ ಕಾಯಬೇಕಾದೀತು, 180 ದಿನಕ್ಕೆ ಮೊದಲೇ ಅಳಿಸಿದರೂ ಅಷ್ಟೂ ದಿನದ ಬಾಡಿಗೆ ತೆರಬೇಕು. ಟೇಪು? ಎಲ್‌ಟಿಒ ಟೇಪು ಅಗ್ಗವೇ, ಅದನ್ನು ಓದುವ ಯಂತ್ರಕ್ಕೆ ಲಕ್ಷಗಳು. ನೂರು ಜಿಬಿಯವರು ಅತ್ತ ನೋಡುವ ಅಗತ್ಯವಿಲ್ಲ. ರೆಸ್ಟಿಕ್, ಬೋರ್ಗ್‌ನಂಥ ಉಚಿತ ತಂತ್ರಾಂಶಗಳು ಎಲ್ಲವನ್ನೂ ಬೀಗ ಹಾಕಿ ಕಳಿಸಬಲ್ಲವು. ಬೀಗದ ಪಾಸ್‌ವರ್ಡು ಮಾತ್ರ ಆ ಕಂಪ್ಯೂಟರಿನೊಳಗೇ ಇರಬಾರದು. ಪೆಟ್ಟಿಗೆಯ ಕೀಲಿಯನ್ನು ಪೆಟ್ಟಿಗೆಯೊಳಗಿಟ್ಟು ಬೀಗ ಒತ್ತಿದ ಮದುವೆ ಮನೆಯ ಕಥೆ ಎಲ್ಲರಿಗೂ ಗೊತ್ತಿರುವಂಥದ್ದೇ.

ಪ್ರತಿ ಮಾಡಿ ಊರೂರಿಗೆ ಕಳಿಸುವ ಕೆಲಸಕ್ಕೆ ಸಿರುಗುಪ್ಪ ತಾಲ್ಲೂಕು ಹೊಸದಲ್ಲ. ತಾಲ್ಲೂಕಿನ ನಿಟ್ಟೂರು ಮತ್ತು ಉಡೇಗೋಳದ ಬಂಡೆಗಳ ಮೇಲೆ ಅಶೋಕನ ಲಘು ಶಿಲಾಶಾಸನಗಳಿವೆ, ಕ್ರಿಸ್ತಪೂರ್ವ 3ನೇ ಶತಮಾನದವು. ಅಶೋಕ ಎಂಬ ಹೆಸರೇ ಬರುವ ಬೆರಳೆಣಿಕೆಯ ಶಾಸನಗಳಲ್ಲಿ ಇವೂ ಸೇರಿವೆ. ಇದೇ ಪಾಠ ಮಸ್ಕಿಯಲ್ಲಿದೆ, ಕೊಪ್ಪಳದ ಗವಿಮಠದಲ್ಲಿದೆ, ಪಾಲ್ಕಿಗುಂಡಿನಲ್ಲಿದೆ, ಚಿತ್ರದುರ್ಗದ ಬ್ರಹ್ಮಗಿರಿಯಲ್ಲಿದೆ. ಪಾಲ್ಕಿಗುಂಡಿನ ಬಂಡೆ ಸವೆದು ಅಕ್ಷರಗಳು ಚೂರುಚೂರಾಗಿವೆ. ಆದರೂ ಅಲ್ಲೇನಿತ್ತೆಂದು ತಿಳಿಯುತ್ತದೆ, ಒಡಹುಟ್ಟಿದ ಪ್ರತಿಗಳು ಬೇರೆಡೆ ಗಟ್ಟಿಯಾಗಿರುವುದರಿಂದ. ಬ್ರಹ್ಮಗಿರಿಯಲ್ಲಿ ಚಪಡ ಎಂಬ ಲಿಪಿಕಾರ ತನ್ನ ಹೆಸರನ್ನೂ ಕೆತ್ತಿ, ತನ್ನ ಉದ್ಯೋಗದ ಹೆಸರನ್ನು ದೂರದ ವಾಯವ್ಯ ಸೀಮೆಯ ಖರೋಷ್ಠಿ ಲಿಪಿಯಲ್ಲಿ ಬರೆದ.

ಇನ್ನೂ ಸೊಗಸಿನದು ಹದಿನಾಲ್ಕನೆಯ ಬಂಡೆ ಶಾಸನ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಗುಡಿಯೊಳಗೆ ವಿಗ್ರಹದ ಪೀಠವಾಗಿ ಬಳಕೆಯಾಗಿದ್ದ ಕಲ್ಲಿನ ಮೇಲೂ ಅದು ಸಿಕ್ಕಿದೆ. ಬರಹ ಕೆಲವೆಡೆ ಅಪೂರ್ಣವಾಗಿರಬಹುದು, ಲಿಪಿಕಾರನ ತಪ್ಪೂ ಇರಬಹುದು ಎಂದು ಚಕ್ರವರ್ತಿಯೇ ಅದರಲ್ಲಿ ಒಪ್ಪಿಕೊಳ್ಳುತ್ತಾನೆ. ಎರಡು ಸಾವಿರ ವರ್ಷ ಕಳೆದರೂ ಈ ಒಪ್ಪಿಗೆ ಕಂಪ್ಯೂಟರಿನವರಿಗೆ ಸುಲಭವಾಗಿ ಬಂದಿಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಎಂಜಿನಿಯರೊಬ್ಬರು ದಣಿದ ರಾತ್ರಿಯಲ್ಲಿ ತಪ್ಪು ಸರ್ವರಿನ ಡೇಟಾಬೇಸ್ ಅಳಿಸಿದರು. ಬ್ಯಾಕಪ್ ವಿಧಾನಗಳು ಹಲವಿದ್ದವು, ತೆರೆದು ನೋಡಿದರೆ ನೆಚ್ಚುವಂಥದ್ದು ಒಂದೂ ಇರಲಿಲ್ಲ. ನಿತ್ಯದ ಪ್ರತಿ ಎಂದಿನಿಂದಲೋ ಸದ್ದಿಲ್ಲದೆ ವಿಫಲವಾಗುತ್ತಿತ್ತು. ಆರು ಗಂಟೆ ಮುಂಚೆ ಬೇರೆ ಕೆಲಸಕ್ಕೆಂದು ತೆಗೆದಿದ್ದ ಪ್ರತಿಯೊಂದು ಅವರನ್ನು ಉಳಿಸಿತು. ಮರಳಿ ತೆರೆದು ನೋಡದ ಪ್ರತಿಯನ್ನು ಪ್ರತಿ ಎಂದು ನಂಬುವುದು ಕುರುಡು ಭಕ್ತಿ. ಮೂರು ತಿಂಗಳಿಗೊಮ್ಮೆ ಬೇರೆ ಲ್ಯಾಪ್‌ಟಾಪಿನಲ್ಲಿ ಡಿಸ್ಕು ತೆರೆದು, ಯಾವುದೋ ಒಬ್ಬ ರೈತನ ಬಾಕಿ ಕಾಗದದ ಚೀಟಿಗೆ ಹೊಂದುತ್ತದೆಯೇ ಎಂದು ನೋಡಲು ಅರ್ಧ ಗಂಟೆ ಸಾಕು.

ಬಳ್ಳಾರಿಯ ಹೊರವಲಯದ ಸಂಗನಕಲ್ಲು-ಕಪ್ಪಗಲ್ಲು ಬೆಟ್ಟಗಳು ಅಶೋಕನ ಬಂಡೆಗಳಿಗೆ ವ್ಯತಿರಿಕ್ತ ಸಾಕ್ಷಿ. ನವಶಿಲಾಯುಗದವರು ಕುಟ್ಟಿ ಬಿಡಿಸಿದ ಚಿತ್ರಗಳು, ಬಡಿದರೆ ಗಂಟೆಯಂತೆ ನಾದ ಕೊಡುವ ಬಂಡೆಗಳು ಅಲ್ಲಿವೆ. 1892ರಲ್ಲಿ ಮೊದಲ ವರದಿ ಬಂತು. ಆಮೇಲೆ ಹುಡುಕಿ ಹೋದವರಿಗೆ ಜಾಗ ಸಿಗಲಿಲ್ಲ. ಲಂಡನ್ನಿನಲ್ಲಿ ಕಾದಿಟ್ಟಿದ್ದ ಫೋಟೊಗಳು ಮಾಸಿಹೋಗಿದ್ದವು. ನಿಕೋಲ್ ಬ್ವಾವೆನ್ ಎಂಬ ಪುರಾತತ್ವಜ್ಞೆ ಮತ್ತೆ ದಾಖಲಿಸಿ 2004ರಲ್ಲಿ ಪ್ರಕಟಿಸುವ ಹೊತ್ತಿಗೆ ಗ್ರಾನೈಟ್ ಗಣಿ ಬೆಟ್ಟದ ಮೈಗೆ ಬಂದಿತ್ತು. ಮೂಲಕ್ಕೆ ಡೈನಮೈಟು, ನಕಲಿಗೆ ಮಾಸಲು. ಹಾರ್ಡ್‌ಡಿಸ್ಕಿಗೂ ಮೂರರಿಂದ ಐದು ವರ್ಷ ದಾಟಿದ ಮೇಲೆ ನಂಬಿಕೆ ಕಡಿಮೆ. ಹೊಸದಕ್ಕೆ ದಾಟಿಸುತ್ತಲೇ ಇರಬೇಕು.

ಸಿಂದರ ರಾಜಧಾನಿಯಾಗಿದ್ದ ಕುರುಗೋಡಿನಲ್ಲಿ 12ನೇ ಶತಮಾನದ ಶಾಸನಗಳಿವೆ. ಆ ಕಾಲದ ಕನ್ನಡ ದಾನಶಾಸನಗಳು ಮುಗಿಯುವುದು ಸಾಮಾನ್ಯವಾಗಿ ಶಾಪದಿಂದ: ದತ್ತಿಯನ್ನು ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಅಮೇಧ್ಯದ ಹುಳುವಾಗಿ ಹುಟ್ಟುತ್ತಾನೆ. ಬರೆದದ್ದನ್ನು ಯಾರೂ ಅಳಿಸದಂತೆ ತಡೆಯುವ ಉಪಾಯ ಅದು. ರ‍್ಯಾನ್ಸಮ್‌ವೇರ್ ದಾಳಿಕೋರರು ಮೊದಲು ಹುಡುಕಿ ಅಳಿಸುವುದು ಬ್ಯಾಕಪ್ಪನ್ನೇ ಆದ್ದರಿಂದ ಕ್ಲೌಡ್ ಕಂಪನಿಗಳು ಇಂದು ಆಬ್ಜೆಕ್ಟ್ ಲಾಕ್ ಎಂಬುದನ್ನು ಕೊಡುತ್ತವೆ. ಅವಧಿ ಮುಗಿಯುವವರೆಗೆ ಕಳ್ಳನಿಗಿರಲಿ, ಕಟ್ಟುನಿಟ್ಟಿನ ಬಗೆಯನ್ನು ಆರಿಸಿಕೊಂಡರೆ ಒಡೆಯನಿಗೂ ಅಳಿಸಲಾಗದು.

ಇಲ್ಲಿಗೆ ಬಂದಾಗ ಲಕ್ಕಮ್ಮ ಮತ್ತೆ ಎದುರಾಗುತ್ತಾಳೆ, ಈ ಸಲ ಕಾನೂನಿನ ಪುಸ್ತಕ ಹಿಡಿದು. ಜಿಎಸ್‌ಟಿ ಕಾಯ್ದೆ ಲೆಕ್ಕಪತ್ರಗಳನ್ನು ವಾರ್ಷಿಕ ರಿಟರ್ನಿನ ಕೊನೆಯ ದಿನದಿಂದ 72 ತಿಂಗಳು ಇಡು ಎನ್ನುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಬೇರೆ ಕಾನೂನಿನ ಅಡ್ಡಿ ಇಲ್ಲದಿದ್ದರೆ, ಉದ್ದೇಶ ಮುಗಿದ ಮೇಲೆ ಜನರ ಮಾಹಿತಿಯನ್ನು ಅಳಿಸು ಎನ್ನುತ್ತದೆ. ಕೆಲಸ ಬಿಟ್ಟುಹೋದ ಹಮಾಲನ ಆಧಾರ್ ಪ್ರತಿ ಯಾವ ಉದ್ದೇಶಕ್ಕೂ ಬೇಡವಾದಾಗ ಅದು ಇಡುಗಂಟಲ್ಲ, ಆಸೆಯ ಅಕ್ಕಿ.

ಮಾರಯ್ಯನ ಕೆಲಸ ಸುಲಭವಿತ್ತು. ಗಂಟು ಹೊತ್ತು ಹೋಗಿ ಅಂಗಳದಲ್ಲಿ ಸುರಿದ, ಮನೆಯಲ್ಲಿ ಅದು ಇಲ್ಲವಾಯಿತು. ಕಂಪ್ಯೂಟರಿನಲ್ಲಿ ಅಳಿಸಿದ ಹಮಾಲನ ಆಧಾರ್ ಬಳ್ಳಾರಿಯ ಬೀರುವಿನ ಡಿಸ್ಕಿನಲ್ಲಿದೆ, ಹೈದರಾಬಾದಿನಲ್ಲಿ ಬೀಗ ಹಾಕಿಕೊಂಡು ಕೂತಿದೆ. ರೆಸ್ಟಿಕ್‌ನಲ್ಲಿ ಹಳೆಯ ಪ್ರತಿಯನ್ನು ಬಿಡಲು ಕೊಡುವ ಆದೇಶದ ಹೆಸರು 'ಫರ್ಗೆಟ್', ಮರೆತುಬಿಡು. ಆದರೆ ಮರೆ ಎಂದ ಮಾತ್ರಕ್ಕೆ ಅಕ್ಷರಗಳು ಹೋಗುವುದಿಲ್ಲ. ಹೆಸರು ಮಾತ್ರ ಪಟ್ಟಿಯಿಂದ ಹೋಗುತ್ತದೆ. 'ಪ್ರೂನ್' ಎಂಬ ಇನ್ನೊಂದು ಆದೇಶ ಕೊಟ್ಟು ಕತ್ತರಿಸಬೇಕು. ಅದೂ ಬೀಗದ ಅವಧಿ ಮುಗಿದ ಮೇಲೆ, ಒಂದೊಂದು ಡಿಸ್ಕೂ ಬುತ್ತಿಚೀಲದಲ್ಲಿ ಊರಿಗೆ ವಾಪಸಾದ ಮೇಲೆ. ಅಲ್ಲಿಯವರೆಗೆ ಗೋಡೆಯ ಕ್ಯಾಲೆಂಡರಿನಲ್ಲಿ, ಅಮಾವಾಸ್ಯೆಯ ಕಪ್ಪು ಚುಕ್ಕೆಯ ಪಕ್ಕದಲ್ಲಿ, ಗುಮಾಸ್ತರು ಪೆನ್ಸಿಲಿನಿಂದ ಒಂದು ತಾರೀಖಿಗೆ ಸುತ್ತು ಹಾಕಿ ಬರೆದಿಡಬಹುದು: ಹಳೇ ಹಮಾಲರದ್ದು, ಅಳಿಸುವುದು.