ತಂದೆಯ ಮನೆಯನ್ನು ಮರೆತೆನೆಂದವನು



ಚೊಚ್ಚಲ ಮಗ ಮನಸ್ಸೆ ಹುಟ್ಟಿದಾಗ ಯೋಸೇಫನು, ತನ್ನ ತಂದೆಯ ಮನೆಯನ್ನು ದೇವರು ಮರೆಯಿಸಿದ್ದಾನೆ ಎಂದು ಸಂತೋಷಪಟ್ಟನು. ಆದರೆ ಬರಗಾಲದಲ್ಲಿ ಧಾನ್ಯಕ್ಕೆಂದು ಬಂದ ಅಣ್ಣಂದಿರ ಮಾತು ಕಿವಿಗೆ ಬಿದ್ದಾಗ, ಐಗುಪ್ತದ ಅಧಿಕಾರಿಯಾಗಿದ್ದ ಅವನು ಮರೆಗೆ ಹೋಗಿ ಅತ್ತನು. ಇನ್ನೊಮ್ಮೆ ಕೋಣೆಯೊಳಗೆ ಅತ್ತು, ಮುಖ ತೊಳೆದುಕೊಂಡು ಊಟಕ್ಕೆ ಬಂದನು. ಮರೆತದ್ದು ಎಲ್ಲಿ?

ಈ ಅಳು ಎರಡು ತಲೆಮಾರಿನದು. ಯೋಸೇಫನ ಅಜ್ಜ ಇಸಾಕನಿಗೆ ಹಿರಿಯ ಮಗ ಏಸಾವ ಅಚ್ಚುಮೆಚ್ಚು, ಅಜ್ಜಿ ರೆಬೆಕ್ಕಳಿಗೆ ಕಿರಿಯ ಮಗ ಯಾಕೋಬ. ಆಶೀರ್ವಾದ ತಮ್ಮನ ಪಾಲಾದಾಗ ಏಸಾವ ತಂದೆಯ ಮುಂದೆ ಗೋಳಾಡಿದನು. ಇದನ್ನೆಲ್ಲ ಕಂಡುಂಡ ಯಾಕೋಬ ತಾನು ತಂದೆಯಾದಾಗ ಮಾಡಿದ್ದೇನು? ಮೆಚ್ಚಿನ ಹೆಂಡತಿ ರಾಹೇಲಳ ಮಗ ಯೋಸೇಫನೊಬ್ಬನಿಗೇ ವಿಶೇಷ ನಿಲುವಂಗಿ! ಉಳಿದವರಿಗೆ ಆ ತಮ್ಮನೊಡನೆ ಒಂದು ಒಳ್ಳೆಯ ಮಾತೂ ಆಡಲಾಗದಷ್ಟು ಹೊಟ್ಟೆಯುರಿ. 20 ಬೆಳ್ಳಿ ನಾಣ್ಯಕ್ಕೆ ಅವನು ಮಾರಾಟವಾದನು. ಮಾರೋಣವೆಂದು ಸೂಚಿಸಿದವನು ಯಾಕೋಬನ ಇನ್ನೊಬ್ಬ ಹೆಂಡತಿ ಲೇಯಳ ಮಗ ಯೆಹೂದ. ಮುಂದೆ ಯೋಸೇಫನೂ ಅಣ್ಣಂದಿರಿಗೆ ಒಂದೊಂದು ಜೊತೆ ಬಟ್ಟೆ ಕೊಟ್ಟು, ತನ್ನ ತಾಯಿಯ ಇನ್ನೊಬ್ಬ ಮಗ ಬೆನ್ಯಾಮೀನನಿಗೆ ಮಾತ್ರ ಐದು ಜೊತೆ ಕೊಟ್ಟನು. ಪಕ್ಷಪಾತದಿಂದ ಪೆಟ್ಟು ತಿಂದವನ ಕೈಯಲ್ಲೂ ತಂದೆಯ ಅಭ್ಯಾಸ ಉಳಿದಿತ್ತು.

ನಮ್ಮ ಮನೆಗಳಲ್ಲೂ ಅಕ್ಕನ ಅಂಕಪಟ್ಟಿ ತೋರಿಸಿ ತಂಗಿಯನ್ನು ಹೀಯಾಳಿಸುತ್ತೇವೆ. ಮೀನಿನ ದೊಡ್ಡ ತುಂಡು ಮಗನಿಗೆ, ಉಳಿದದ್ದು ಮಗಳಿಗೆ. ತಲೆ ನರೆತ ಮೇಲೂ ಒಡಹುಟ್ಟಿದವರು ಅಂಗೈಯಗಲ ಜಾಗಕ್ಕೆ ಕಚ್ಚಾಡುವಾಗ, ಆ ಹಳೆಯ ತಟ್ಟೆಯ ಲೆಕ್ಕ ಒಳಗೊಳಗೇ ನಡೆದಿರುತ್ತದೆ.

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎನ್ನುತ್ತೇವೆ. ಯೆಹೂದ ಬಗ್ಗಿದನು. ಆದಿಕಾಂಡದ 44ನೆಯ ಅಧ್ಯಾಯದಲ್ಲಿ ಅವನ ಬಿನ್ನಹವನ್ನು ಓದಿರಿ. ತನ್ನ ಹೆಂಡತಿ ಹೆತ್ತದ್ದು ಇಬ್ಬರನ್ನು ಎಂಬ ತಂದೆಯ ಮಾತನ್ನು ಅವನು ಯೋಸೇಫನಿಗೆ ಹಾಗೆಯೇ ಒಪ್ಪಿಸುತ್ತಾನೆ. ಆ ಲೆಕ್ಕದಲ್ಲಿ ಅವನ ತಾಯಿಯೂ ಇಲ್ಲ, ಅವನೂ ಇಲ್ಲ. ಆದರೂ ಕಳವಿನ ಆರೋಪಕ್ಕೆ ಸಿಕ್ಕಿದ ಬೆನ್ಯಾಮೀನನ ಬದಲಿಗೆ ತಾನೇ ಗುಲಾಮನಾಗುತ್ತೇನೆ, ಮುದಿತಂದೆಯ ಸಂಕಟ ನೋಡಲಾರೆ ಎಂದು ಬೇಡುತ್ತಾನೆ. ತಂದೆ ಮಾಡಿದ್ದು ಸರಿಯಾಗಿರಲಿಲ್ಲ. ತಂದೆ ಬದಲಾಗಿಯೂ ಇರಲಿಲ್ಲ. ಅದಕ್ಕಾಗಿ ಮಗ ಕಾದು ಕೂರಲಿಲ್ಲ. ಆ ಮಾತು ಕೇಳಿಯೇ ಯೋಸೇಫ ತಡೆಯಲಾರದೆ ಗಟ್ಟಿಯಾಗಿ ಅತ್ತು, ತಾನು ಯಾರೆಂದು ಹೇಳಿಕೊಂಡನು. ಹೀಗೆ ಇನ್ನೊಬ್ಬನ ಬದಲಿಗೆ ನಿಂತ ಯೆಹೂದನ ವಂಶದಲ್ಲೇ ನಮ್ಮ ಕರ್ತನು ಹುಟ್ಟಿ ಬಂದನು.

ಆದರೂ ಗಾಯ ಒಂದೇ ದಿನಕ್ಕೆ ಮಾಯಲಿಲ್ಲ. 17 ವರ್ಷದ ಮೇಲೆ ಯಾಕೋಬ ತೀರಿಕೊಂಡಾಗ, ಯೋಸೇಫ ಸೇಡು ತೀರಿಸಿಕೊಂಡಾನೆಂದು ಅಣ್ಣಂದಿರು ಹೆದರಿದರು. ಅವನು ಮತ್ತೆ ಅತ್ತು, ಮತ್ತೆ ಅವರಿಗೆ ಧೈರ್ಯ ಹೇಳಿದನು. ಒಮ್ಮೆ ಕ್ಷಮಿಸಿದ್ದಾಯಿತಲ್ಲ ಎಂದು ರೇಗಲಿಲ್ಲ.

ಆದ್ದರಿಂದ ತಂದೆತಾಯಿಗಳೇ, ಹೋಲಿಕೆಯ ಮಾತನ್ನು ಇಂದಿನ ಊಟದಿಂದಲೇ ನಿಲ್ಲಿಸಿರಿ. ಮಗುವಿನ ಮೇಲೆ ಅನ್ಯಾಯವಾಗಿ ರೇಗಿದ್ದರೆ ಮಗುವಿನ ಬಳಿಯೇ ತಪ್ಪಾಯಿತೆನ್ನಿರಿ. ಬಾಲ್ಯದ ನೋವು ಹೊತ್ತವರೇ, ಅಳು ಬಂದರೆ ನಾಚಬೇಡಿರಿ. ನಂಬುವಂಥ ಒಬ್ಬರಿಗೆ ಹೇಳಿಕೊಳ್ಳಿರಿ, ಬೇಕಾದರೆ ಆಪ್ತಸಮಾಲೋಚಕರ ನೆರವು ಪಡೆಯಿರಿ. ನೀವು ಉಂಡ ಕಹಿಯನ್ನು ನಿಮ್ಮ ಮಕ್ಕಳಿಗೆ ಬಡಿಸಬೇಡಿರಿ.

ತಂದೆಯೇ, ನಮಗೆ ಸಿಗದೆ ಹೋದ ಪ್ರೀತಿಯನ್ನು ನೀನು ಬಲ್ಲೆ. ಅದನ್ನು ನಮ್ಮ ಮಕ್ಕಳಿಗೆ ಕೊಡುವ ಶಕ್ತಿಯನ್ನು ಅನುಗ್ರಹಿಸು. ಆಮೆನ್.