ಗರಿ ಯಾವ ಹಕ್ಕಿಯದು?

ಕದ್ರಿ ಗುಡ್ಡದ ಮಂಜುನಾಥ ದೇವಸ್ಥಾನದಲ್ಲಿ ಮೂರು ಮುಖ, ಆರು ಕೈಗಳ ಕಂಚಿನ ಲೋಕೇಶ್ವರ ಕುಳಿತಿದ್ದಾನೆ. ಆಳುಪ ದೊರೆ ಕುಂದವರ್ಮ 968ರಲ್ಲಿ ಅವನನ್ನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಾಪಿಸಿದ ಎಂದು ಪೀಠದ ಶಾಸನ ಹೇಳುತ್ತದೆ. 'ವಿಹಾರ' ಎಂಬ ಆ ಒಂದು ಪದ ಹಿಡಿದು, ಇದು ಬೌದ್ಧರ ಜಾಗವೋ ನಾಥಪಂಥದ್ದೋ ಎಂದು ವಿದ್ವಾಂಸರು ದಶಕಗಳಿಂದ ಜಗ್ಗಾಡಿದ್ದಾರೆ. ಆ ವಾದ ಹೇಗೇ ಮುಗಿಯಲಿ, ಮಂಗಳೂರಿನಲ್ಲಿ ಕೂತು ಬುದ್ಧನ ಬಾಣದ ಕಥೆ ನೆನೆಯಲು ಕದ್ರಿಯಷ್ಟು ಒಳ್ಳೆಯ ಜಾಗ ಇನ್ನೊಂದಿಲ್ಲ.

ಕಥೆ ಮಜ್ಝಿಮ ನಿಕಾಯದ 63ನೆಯ ಸುತ್ತದಲ್ಲಿದೆ. ಲೋಕ ಶಾಶ್ವತವೇ, ಅಲ್ಲವೇ ಎಂಬುದಕ್ಕೆ ಉತ್ತರ ಸಿಗದಿದ್ದರೆ ಸಂಘ ಬಿಟ್ಟೇ ಹೋಗುತ್ತೇನೆ ಎಂದು ಮಾಲುಂಕ್ಯಪುತ್ತ ಹಟ ಹಿಡಿದ. ವಿಷದ ಬಾಣ ನಾಟಿದವನೊಬ್ಬನನ್ನು ಬುದ್ಧ ಅವನ ಕಣ್ಣಮುಂದೆ ನಿಲ್ಲಿಸಿದ. ವೈದ್ಯ ಬಂದರೂ ಆ ಗಾಯಾಳು ಬಾಣ ಕೀಳಲು ಬಿಡುವುದಿಲ್ಲ. ಹೊಡೆದವನು ಯಾವ ಕುಲದವನು? ಬಿಲ್ಲಿನ ಹೆದೆ ಎಕ್ಕದ ನಾರಿನದೋ, ನರದ್ದೋ? ಗರಿ ಹದ್ದಿನದೋ, ನವಿಲಿನದೋ? ಮೊನೆ ಕರುವಿನ ಹಲ್ಲಿನಂತಿದೆಯೋ, ಕಣಗಿಲೆ ಎಲೆಯಂತಿದೆಯೋ? ಇಷ್ಟೆಲ್ಲ ತಿಳಿಯುವಷ್ಟರಲ್ಲಿ ಪ್ರಾಣ ಹೋಗಿರುತ್ತದೆ.

ಗಾಯಾಳುವಿನ ಮಟ್ಟಿಗೆ ಇದು ಕಾಲಹರಣ, ಸರಿ. ಆದರೆ ಬಿಲ್ಲು ಹಿಡಿದವನಿಗೆ? ಇದೇ ಪಟ್ಟಿಯನ್ನು ಅವನು ಹೆದೆ ಎಳೆಯುವ ಮೊದಲು ಒಂದೊಂದಾಗಿ ಕೇಳಿಕೊಳ್ಳಲೇಬೇಕು.

ಅಮೆರಿಕದ ಹೋಲೆಸ್ ವಿಲ್ಬರ್ ಆ್ಯಲನ್ 1969ರಲ್ಲಿ ಪೇಟೆಂಟ್ ಪಡೆದ ಕಾಂಪೌಂಡ್ ಬಿಲ್ಲನ್ನೇ ನೋಡಿ. ಎರಡು ತುದಿಗಳಲ್ಲೂ ಗಾಲಿಯಂಥ ಕ್ಯಾಮ್. ಪೂರ್ತಿ ಎಳೆದ ಮೇಲೆ ಎಳೆತದ ಭಾರ ಇಳಿದುಬಿಡುತ್ತದೆ. 60 ಪೌಂಡಿನ ಬಿಲ್ಲನ್ನು ಸುಮಾರು 12 ಪೌಂಡಿನಲ್ಲಿ ಹಿಡಿದು ನಿಲ್ಲಬಹುದು. ಬಿಟ್ಟ ಕ್ಷಣದಲ್ಲಿ ಮಾತ್ರ ಅಷ್ಟೂ ಶಕ್ತಿ ಬಾಣದ ಬೆನ್ನಿಗೆ ಬಂದು ಬೀಳುತ್ತದೆ, ಬಾಣ ಬಾಗುತ್ತದೆ. ಎಷ್ಟು ಬಾಗಬೇಕು ಎಂಬ ಲೆಕ್ಕವೇ ಸ್ಪೈನ್. 28 ಇಂಚು ಅಂತರದ ಎರಡು ಆಧಾರಗಳ ಮೇಲೆ ಬಾಣವನ್ನಿಟ್ಟು, ನಡುವೆ 880 ಗ್ರಾಂ ತೂಗುಬಿಟ್ಟಾಗ 0.4 ಇಂಚು ಜಗ್ಗಿದರೆ ಅದು 400ರ ಬಾಣ. ಅಂಕಿ ಇಳಿದಷ್ಟೂ ಬಾಣ ಬಿಗಿ. ಉದ್ದ ಹೆಚ್ಚಾದರೆ, ಮೊನೆ ಭಾರವಾದರೆ ಇನ್ನೂ ಬಿಗಿಯದು ಬೇಕು. ಬಾಣದ ತೂಕಕ್ಕೂ ಕೆಳಮಿತಿಯಿದೆ: ಎಳೆತದ ಪ್ರತಿ ಪೌಂಡಿಗೆ ಐದು ಗ್ರೇನ್ ಎಂಬುದು ರೂಢಿ, ಅಂದರೆ 60 ಪೌಂಡಿಗೆ 300 ಗ್ರೇನ್, ಹತ್ತೊಂಬತ್ತೂವರೆ ಗ್ರಾಂ. ಬೇಟೆಗಾರರು ಇದಕ್ಕಿಂತ ಭಾರದ್ದನ್ನೇ ಆರಿಸುತ್ತಾರೆ. ಬಾಣ ಕೊಲ್ಲುವುದು ರಕ್ತ ಹರಿಸಿ. ಅದು ಆಳಕ್ಕೆ ಹೋಗದಿದ್ದರೆ ಪ್ರಾಣಿ ಗಾಯ ಹೊತ್ತುಕೊಂಡೇ ಓಡುತ್ತದೆ, ಎಲ್ಲೋ ಪೊದೆಯಲ್ಲಿ ದಿನಗಟ್ಟಲೆ ನರಳುತ್ತದೆ.

ಪಳಗಿದ ಬಿಲ್ಗಾರ ಕಾರ್ಬನ್ ಬಾಣವನ್ನು ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಬಗ್ಗಿಸಿ ಕಿವಿಗೊಡುತ್ತಾನೆ. ಚಿಟಚಿಟ ಸದ್ದು ಬಂದರೆ ಅದು ಕಸದಬುಟ್ಟಿಗೆ. ಬಿರುಕುಬಿಟ್ಟ ಬಾಣ ಬಿಡುವಾಗ ಸಿಡಿದು ಅವನ ಕೈಗೇ ಹೊಗಬಹುದು.

ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿಯಲ್ಲೂ ಒಂದು ಬಾಣವಿದೆ. ಹುಲಿಯೆಂದು ಬಗೆದು ಬಿಟ್ಟದ್ದು. ಅದು ಹಸುವೆಂದು ಆಮೇಲೆ ತಿಳಿದರೂ ಬಾಣ ನಿಲ್ಲುವುದಿಲ್ಲ. ಪ್ರಾರಬ್ಧಕ್ಕೆ ಕೊಟ್ಟ ಹೋಲಿಕೆ ಇದು. ಬೇಟೆಯ ನೀತಿಯೂ ಇದರೊಳಗೇ ಇದೆ: ಕೇಳಬೇಕಾದ್ದನ್ನೆಲ್ಲ ಬೆರಳು ಸಡಿಲಿಸುವ ಮೊದಲೇ ಕೇಳಿಕೊಳ್ಳಬೇಕು.

ಹಾಗಾದರೆ ಸರಿಯಾದ ಬಾಣ ಆರಿಸಿಕೊಂಡವನ ಪಾಪ ಕಡಿಮೆಯೇ? ಇಲ್ಲಿ ಜೈನರ ಮೂಡುಬಿದಿರೆಯ ಕಡೆ ತಿರುಗಬೇಕು. ಜೈನ ಆಚಾರಶಾಸ್ತ್ರ ಹಿಂಸೆಯನ್ನು ನಾಲ್ಕು ಬಗೆ ಮಾಡುತ್ತದೆ. ಮನೆಗೆಲಸದಲ್ಲಿ, ದುಡಿಮೆಯಲ್ಲಿ, ಆತ್ಮರಕ್ಷಣೆಯಲ್ಲಿ ಆಗುವ ಹಿಂಸೆಗೆ ಗೃಹಸ್ಥನಿಗೆ ಒಂದಿಷ್ಟು ರಿಯಾಯಿತಿ ಉಂಟು. ಬೇಕೆಂದೇ ಮಾಡುವ ಸಂಕಲ್ಪಿ ಹಿಂಸೆಗೆ ಇಲ್ಲ. ಬೇಟೆ ಸಪ್ತವ್ಯಸನಗಳಲ್ಲೇ ಒಂದು. ಈ ತಕ್ಕಡಿಯಲ್ಲಿಟ್ಟರೆ ಬಿಲ್ಗಾರನ ಜಾಗ್ರತೆ ಅವನಿಗೇ ಎದುರು ಸಾಕ್ಷಿ. ಸ್ಪೈನ್ ನೋಡಿ, ತೂಕ ನೋಡಿ, ಅಲಗು ಮಸೆದು ಹೊರಟವನ ಸಂಕಲ್ಪಕ್ಕಿಂತ ಗಟ್ಟಿಯಾದದ್ದು ಯಾವುದು? ಪ್ರಾಣಿಯ ನೋವು ತಗ್ಗಿಸುವ ಎಚ್ಚರವೇ ಕೊಲ್ಲುವವನ ಹೊಣೆಯನ್ನು ಹೆಚ್ಚಿಸುತ್ತದೆ. ಎರಡೂ ನಿಜ. ಒಳ್ಳೆಯ ಬಾಣ ಪ್ರಾಣಿಗೆ ಸಲ್ಲಬೇಕಾದ ಋಣ. ಅದನ್ನು ತನ್ನ ಪುಣ್ಯದ ಖಾತೆಗೆ ಜಮಾ ಮಾಡಿಕೊಳ್ಳುವ ಹಕ್ಕು ಬೇಟೆಗಾರನಿಗಿಲ್ಲ.

ಬಿಲ್ಲಿಗೆ ಬಿರು, ಬಾಣಕ್ಕೆ ಪಗರಿ ಎನ್ನುವ ಈ ತುಳುನಾಡಿನಲ್ಲಿ ಪ್ರಶ್ನೆಯ ಅರ್ಧವನ್ನು ಕಾನೂನೇ ಬಗೆಹರಿಸಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದ ಮೇಲೆ ಕಾಂಪೌಂಡ್ ಬಿಲ್ಲಿಗೆ ಉಳಿದ ಗುರಿ 50 ಮೀಟರ್ ದೂರದ, 80 ಸೆಂಟಿಮೀಟರ್ ಅಗಲದ ಕಾಗದ. ಅದೇನು ಸಣ್ಣದಲ್ಲ: 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಕಾಂಪೌಂಡ್ ವಿಭಾಗದ ಐದೂ ಚಿನ್ನ ಭಾರತಕ್ಕೇ ಬಂದವು.

ಉಳಿದರ್ಧ ಮಾಲುಂಕ್ಯಪುತ್ತನ ಕಥೆಯಲ್ಲೇ ಬಾಕಿ ನಿಂತಿದೆ. ಅಲ್ಲಿ ಗಾಯಾಳುವಿನ ಮಾತಿದೆ, ವೈದ್ಯನಿದ್ದಾನೆ, ಬಂಧುಗಳಿದ್ದಾರೆ. ಬಾಣ ಬಿಟ್ಟವನು ಮಾತ್ರ ಒಮ್ಮೆಯೂ ಎದುರಿಗೆ ಬರುವುದಿಲ್ಲ.