ಜಗದ್ಗುರುಗಳು ಹಾಗೆಂದರೇ?

ಸಂತ ಯೊವಾನ್ನರ ಶುಭಸಂದೇಶದ ಕೊನೆಯ ಅಧ್ಯಾಯದಲ್ಲಿ ಒಂದು ಪುಟ್ಟ ತಿದ್ದುಪಡಿಯಿದೆ. ಪುನರುತ್ಥಾನಗೊಂಡ ಯೇಸುಸ್ವಾಮಿ ತಮ್ಮ ಆಪ್ತ ಶಿಷ್ಯನನ್ನು ಕುರಿತು ಪೇತ್ರನೊಡನೆ ಮಾತನಾಡುತ್ತಾ, ತಾವು ಬರುವವರೆಗೂ ಅವನು ಉಳಿದಿರುವುದು ತಮ್ಮ ಇಚ್ಛೆಯಾಗಿದ್ದರೆ ಅದರಿಂದ ನಿನಗೇನು ಎಂದು ಕೇಳಿದರು. ಈ ಮಾತು ಸಹೋದರರ ನಡುವೆ ಹರಡುವಷ್ಟರಲ್ಲಿ, ಆ ಶಿಷ್ಯನಿಗೆ ಸಾವೇ ಇಲ್ಲವೆಂದು ಪ್ರಭು ನುಡಿದರೆಂಬ ಸುದ್ದಿಯಾಯಿತು. ಶುಭಸಂದೇಶಕರ್ತರು ಅದನ್ನು ಹಾಗೆಯೇ ಬಿಡದೆ, ಸ್ವಾಮಿ ನುಡಿದ ಮೂಲ ಮಾತನ್ನು ಮತ್ತೊಮ್ಮೆ ಬರೆದಿಟ್ಟರು. ಸುದ್ದಿ ಹರಡಿದವರು ಶತ್ರುಗಳೇನಲ್ಲ, ವಿಶ್ವಾಸಿಗಳೇ. ಅವರ ಬಾಯಲ್ಲಿ ಬಿಟ್ಟುಹೋದದ್ದು ಒಂದು ಷರತ್ತು ಮಾತ್ರ.

ಇಂಥ ಸಣ್ಣ ಬದಲಾವಣೆ ದ್ವೇಷವುಳ್ಳವರ ಕೈಗೆ ಸಿಕ್ಕರೆ ಏನಾಗುವುದೆಂಬುದಕ್ಕೂ ಶುಭಸಂದೇಶವೇ ಸಾಕ್ಷಿ. ಈ ದೇವಾಲಯವನ್ನು ನೀವು ಕೆಡವಿದರೂ ಮೂರು ದಿನಗಳಲ್ಲಿ ಎಬ್ಬಿಸುವೆನೆಂದು ಯೇಸು ಹೇಳಿದ್ದರು. ವಿಚಾರಣೆಯಲ್ಲಿ ನಿಂತ ಸುಳ್ಳುಸಾಕ್ಷಿಗಳು, ತಾನೇ ಕೆಡವುವೆನೆಂದು ಇವನು ಹೇಳಿದನೆಂದರು. ‘ನೀವು’ ಎಂಬುದು ‘ನಾನು’ ಎಂದಾದೊಡನೆ ಮಾತು ಅಪರಾಧವಾಯಿತು.

ನಮ್ಮ ಕಾಲದಲ್ಲಿ ಜಗದ್ಗುರು ಫ್ರಾನ್ಸಿಸರ ಹೆಸರಿನಲ್ಲಿ ಹರಡಿದಷ್ಟು ವಿವಾದದ ಮಾತುಗಳು ಬಹುಶಃ ಬೇರಾರ ಹೆಸರಿನಲ್ಲೂ ಹರಡಿಲ್ಲ. 2018ರ ಪವಿತ್ರ ವಾರದಲ್ಲಿ ಇಟಲಿಯ ‘ಲಾ ರೆಪುಬ್ಲಿಕಾ’ ಪತ್ರಿಕೆಯ ಸ್ಥಾಪಕರೂ, ದೇವರನ್ನು ನಂಬದವರೂ ಆಗಿದ್ದ ಯೂಜೆನಿಯೊ ಸ್ಕಾಲ್ಫಾರಿ, ನರಕವೆಂಬುದಿಲ್ಲವೆಂದು ಜಗದ್ಗುರುಗಳು ತಮಗೆ ಹೇಳಿದರೆಂದು ಬರೆದರು. ಆಗ ಅವರಿಗೆ 93 ವರ್ಷ. ಸಂದರ್ಶನದಲ್ಲಿ ತಾವು ಧ್ವನಿಮುದ್ರಣವನ್ನಾಗಲೀ ಟಿಪ್ಪಣಿಯನ್ನಾಗಲೀ ಮಾಡಿಕೊಳ್ಳುವುದಿಲ್ಲವೆಂದು ಅವರೇ 2013ರಲ್ಲಿ ಒಪ್ಪಿಕೊಂಡಿದ್ದರು. ಮಾರ್ಚ್ 29ರಂದು ವ್ಯಾಟಿಕನ್ ಸ್ಪಷ್ಟೀಕರಣ ನೀಡಿತು: ಅದು ಖಾಸಗಿ ಭೇಟಿ, ಸಂದರ್ಶನವಲ್ಲ, ಲೇಖನದಲ್ಲಿರುವ ಮಾತುಗಳನ್ನು ಜಗದ್ಗುರುಗಳ ನುಡಿಯ ಯಥಾವತ್ತಾದ ದಾಖಲೆಯೆಂದು ಭಾವಿಸಬಾರದು. ಅದೇ ಫ್ರಾನ್ಸಿಸರು 2014ರ ಮಾರ್ಚ್ 21ರಂದು, ಮಾಫಿಯಾದಿಂದ ಹತರಾದವರ ಕುಟುಂಬಗಳ ಎದುರು, ಆ ಪಾತಕಿಗಳು ನರಕಕ್ಕೆ ಬೀಳದಂತೆ ಮನಪರಿವರ್ತನೆ ಹೊಂದಲೆಂದು ಬಹಿರಂಗವಾಗಿ ಬೇಡಿಕೊಂಡಿದ್ದರು. ಅದನ್ನು ಹುಡುಕಿ ಓದುವ ತಾಳ್ಮೆ ಬಹುಮಂದಿಗೆ ಇರಲಿಲ್ಲ.

ನಮಗೆ ಹಿತವಾದ ಮಾತನ್ನು ಪರೀಕ್ಷಿಸುವುದು ಇನ್ನೂ ಕಷ್ಟ. ಸಾಕುನಾಯಿ ಸತ್ತು ದುಃಖಿಸುತ್ತಿದ್ದ ಬಾಲಕನನ್ನು, ಪ್ರಾಣಿಗಳಿಗೂ ಸ್ವರ್ಗದ ಬಾಗಿಲು ತೆರೆದಿದೆಯೆಂದು ಫ್ರಾನ್ಸಿಸರು ಸಂತೈಸಿದರೆಂಬ ಸುದ್ದಿ 2014ರ ಡಿಸೆಂಬರಿನಲ್ಲಿ ಲೋಕವೆಲ್ಲ ಹಬ್ಬಿತು. ‘ನ್ಯೂಯಾರ್ಕ್ ಟೈಮ್ಸ್’ ಕೂಡ ಅದನ್ನು ಪ್ರಕಟಿಸಿ, ಬಳಿಕ ತಿದ್ದಿಕೊಂಡಿತು. ನವೆಂಬರ್ 26ರ ಬುಧವಾರದ ಉಪದೇಶದಲ್ಲಿ ಅವರು ಮಾತನಾಡಿದ್ದು ಸೃಷ್ಟಿಯೆಲ್ಲವೂ ನವೀಕರಣಗೊಳ್ಳುವುದನ್ನು ಕುರಿತು. ಅಲ್ಲಿ ಬಾಲಕನೂ ಇರಲಿಲ್ಲ, ನಾಯಿಯೂ ಇರಲಿಲ್ಲ. ಆ ಬಾಲಕನ ಕಥೆ ಹಿಂದೆ ಆರನೆಯ ಪೌಲರ ಬಗ್ಗೆ ಹೇಳಲಾಗುತ್ತಿದ್ದದ್ದು. ಸಿಹಿಯಾದ ಮಾತಾದ್ದರಿಂದ ಯಾರೂ ಅದರ ಮೂಲವನ್ನು ಕೇಳಲಿಲ್ಲ.

ಆದರೆ ಪರೀಕ್ಷಿಸುವುದೆಂದರೆ ಅಲ್ಲಗಳೆಯುವುದೆಂದು ಅರ್ಥವಲ್ಲ. 2024ರ ಮೇ 20ರಂದು ಇಟಲಿಯ ಧರ್ಮಾಧ್ಯಕ್ಷರೊಡನೆ ನಡೆದ ಗೋಪ್ಯ ಸಭೆಯಲ್ಲಿ ಫ್ರಾನ್ಸಿಸರು ಸಲಿಂಗಿಗಳನ್ನು ಕುರಿತು ಹೀನಾಯವಾದ ಪದವೊಂದನ್ನು ಬಳಸಿದರೆಂಬ ವರದಿ ಬಂದಿತು. ಗುರುಗಳ ಬಾಯಲ್ಲಿ ಅಂಥ ಮಾತು ಬರಲಾರದೆಂದು ಸುದ್ದಿಯನ್ನೇ ಸುಳ್ಳೆನ್ನುವುದು ಭಕ್ತರಿಗೆ ಸುಲಭದ ದಾರಿಯಾಗಿತ್ತು. ಆದರೆ ಮೇ 28ರಂದು ವ್ಯಾಟಿಕನ್ನಿನ ವಕ್ತಾರರು, ಯಾರನ್ನೂ ನೋಯಿಸುವ ಉದ್ದೇಶ ಜಗದ್ಗುರುಗಳಿಗೆ ಇರಲಿಲ್ಲವೆಂದೂ, ಆ ಪದದಿಂದ ನೊಂದವರಲ್ಲಿ ಅವರು ಕ್ಷಮೆ ಕೋರುತ್ತಾರೆಂದೂ ತಿಳಿಸಿದರು. ಸತ್ಯವನ್ನು ಅರಸುವವನು ತನಗೆ ಒಲ್ಲದ ಉತ್ತರಕ್ಕೂ ಸಿದ್ಧನಾಗಿರಬೇಕು. ಇಲ್ಲವಾದರೆ ಅವನು ನಡೆಸುವುದು ಪರೀಕ್ಷೆಯಲ್ಲ, ವಕೀಲಿಕೆ.

ಹಾಗಾದರೆ ಧರ್ಮಕೇಂದ್ರದ ಸಾಮಾನ್ಯ ಕುಟುಂಬವೊಂದು ಏನು ಮಾಡಬಲ್ಲದು? ಈ ಮಾತನ್ನು ಎಲ್ಲಿ, ಯಾವ ದಿನ, ಯಾರಿಗೆ ಹೇಳಿದರು? ಹಿಂದುಮುಂದಿನ ವಾಕ್ಯಗಳೇನು? ಕೇಳಿದವರು ಬರೆದರೇ, ಕೇಳಿದವರಿಂದ ಕೇಳಿದವರು ಬರೆದರೇ? ದಿನವೂ ಸ್ಥಳವೂ ಇಲ್ಲದ ಮಾತನ್ನು ಬದಿಗಿಡುವುದೇ ಲೇಸು. ಜಗದ್ಗುರುಗಳ ಉಪದೇಶಗಳ ಪೂರ್ಣಪಾಠವನ್ನು ವ್ಯಾಟಿಕನ್ ಪ್ರಕಟಿಸುತ್ತದೆ. 2024ರಿಂದ ‘ವ್ಯಾಟಿಕನ್ ನ್ಯೂಸ್’ ಕನ್ನಡದಲ್ಲಿಯೂ ಬರುತ್ತಿದೆ. ವಿಮಾನದಲ್ಲಿ ಪತ್ರಕರ್ತರಿಗೆ ಕೊಟ್ಟ ಉತ್ತರಕ್ಕೂ ವಿಶ್ವಪತ್ರಕ್ಕೂ ಒಂದೇ ತೂಕವಲ್ಲವೆಂಬುದೂ ನೆನಪಿರಲಿ. ಈಗ ಕಣ್ಣುಕಿವಿಗಳನ್ನೂ ನಂಬುವಂತಿಲ್ಲ. 2023ರಲ್ಲಿ ಫ್ರಾನ್ಸಿಸರು ಬಿಳಿಯ ದಪ್ಪ ಕೋಟು ತೊಟ್ಟಂತೆ ಕಾಣುವ ಚಿತ್ರವೊಂದನ್ನು ಗಣಕಯಂತ್ರವೇ ಸೃಷ್ಟಿಸಿತ್ತು. 2025ರ ಮೇ ತಿಂಗಳಲ್ಲಿ ಹದಿನಾಲ್ಕನೆಯ ಲಿಯೋ ಆಯ್ಕೆಯಾದ ಕೆಲವೇ ದಿನಗಳಲ್ಲಿ, ಅವರು ಆಡದ ಭಾಷಣಗಳು ವೀಡಿಯೊಗಳಾಗಿ ಹರಿದಾಡಿದವು.

ಇಷ್ಟೆಲ್ಲ ಶ್ರಮ ಏಕೆಂದು ಕೇಳಬಹುದು. ಯಾರೋ ಆಡದ ಮಾತನ್ನು ನಂಬಿ ವೃದ್ಧೆಯೊಬ್ಬಳು ತನ್ನ ಜೀವಮಾನದ ವಿಶ್ವಾಸವನ್ನೇ ಶಂಕಿಸಬಹುದು. ತರುಣನೊಬ್ಬ ಬಲಿಪೂಜೆಗೆ ಬರುವುದನ್ನೇ ನಿಲ್ಲಿಸಬಹುದು. ತಿದ್ದುಪಡಿ ಬರುವ ಹೊತ್ತಿಗೆ ಅವರು ದೂರ ಹೋಗಿರುತ್ತಾರೆ. ನೆರೆಯವನ ಮಾತನ್ನು ಖಂಡಿಸುವುದಕ್ಕಿಂತ ಅದಕ್ಕೆ ಒಳ್ಳೆಯ ಅರ್ಥ ಕೊಡಲು ಕ್ರೈಸ್ತನು ಹೆಚ್ಚು ಸಿದ್ಧನಾಗಿರಬೇಕು, ತಿಳಿಯದಿದ್ದರೆ ಅವನನ್ನೇ ಕೇಳಬೇಕು ಎಂಬುದು ಲೊಯೋಲದ ಸಂತ ಇಗ್ನಾಸಿಯವರ ಬೋಧನೆ. ಎಂಟನೆಯ ಆಜ್ಞೆ ಸುಳ್ಳುಸಾಕ್ಷಿಯನ್ನು ನಿಷೇಧಿಸುತ್ತದೆ. ಕೈಯಲ್ಲಿರುವ ಮೊಬೈಲಿನಿಂದ ಒಂದು ಮಾತನ್ನು ಇನ್ನೊಬ್ಬರಿಗೆ ಕಳುಹಿಸುವಾಗ ನಾವೂ ಸಾಕ್ಷಿ ಹೇಳುತ್ತಿದ್ದೇವೆ. ಆ ಮಾತು ಸತ್ಯವೇ ಎಂದು ವಿಚಾರಿಸುವ ಹೊಣೆ ಅದನ್ನು ಬರೆದವನದಷ್ಟೇ ಅಲ್ಲ, ನಮ್ಮದೂ ಹೌದು.